ತುಡಿತ ಹುಟ್ಟುವ ಕಡೆ

ನನ್ನ ಸೋದರಮಾವ ಒಬ್ಬರು ಮೂವತ್ತು ವರ್ಷ ಎಲೆಯಡಿಕೆಯ ಜೊತೆ ಹೊಗೆಸೊಪ್ಪು ಹಾಕಿದವರು. ಬಾಯಿಯ ಒಳಗೆ ಬಿಳಿ ಕಲೆ ಕಾಣಿಸಿಕೊಂಡು ಡಾಕ್ಟರು ಹೆದರಿಸಿದ ಮೇಲೆ ಒಂದೇ ದಿನದಲ್ಲಿ ಬಿಟ್ಟರು. ಎಂಟು ತಿಂಗಳು ಅದರ ಹೆಸರೆತ್ತಲಿಲ್ಲ. ಆಮೇಲೆ ಒಂದು ಮದುವೆ. ಊಟ ಮುಗಿಸಿ, ಕೈ ತೊಳೆದು, ಜಗುಲಿಯಲ್ಲಿ ನೆಂಟರ ಜೊತೆ ಮಾತಿಗೆ ಕುಳಿತರು. ಎಲೆಯಡಿಕೆಯ ತಟ್ಟೆ ಎದುರಿಗೆ ಬಂತು. ಮಾತಿನ ನಡುವೆಯೇ ಕೈ ಹೋಯಿತು, ಎಲೆಗೆ ಸುಣ್ಣ ಹಚ್ಚಿತು, ಹೊಗೆಸೊಪ್ಪಿನ ತುಂಡು ಮುರಿಯಿತು. "ಬಾಯಲ್ಲಿ ಖಾರ ಹತ್ತಿದ ಮೇಲೇ ನನಗೆ ಗೊತ್ತಾದದ್ದು ನೋಡು" ಎಂದು ಅವರು ನನ್ನ ಹತ್ತಿರ ನಾಚಿಕೊಂಡು ಹೇಳಿದರು. ಮನೆಯವರು ಹೇಳಿದ ಮಾತು ಬೇರೆ: "ಮನಸ್ಸು ಗಟ್ಟಿ ಇಲ್ಲ, ಅಷ್ಟೆ."

ಇಬ್ಬರಲ್ಲಿ ಯಾರ ಮಾತು ಸರಿ? ಕೈ ಹೋದದ್ದು ತನಗೇ ಗೊತ್ತಾಗಲಿಲ್ಲ ಎನ್ನುವುದು ನೆಪವೇ, ಅಥವಾ ಮಿದುಳಿನೊಳಗೆ ನಿಜವಾಗಿ ಹಾಗೆ ನಡೆಯುತ್ತದೆಯೇ? ಬಹಳ ಕಾಲ ಇದಕ್ಕೆ ಉತ್ತರ ಹುಡುಕುವ ದಾರಿಯೇ ಇರಲಿಲ್ಲ. ಚಟಕ್ಕೆ ಬಿದ್ದವರನ್ನು ಕೇಳಬಹುದಿತ್ತು, ಅವರ ನಡತೆಯನ್ನು ನೋಡಬಹುದಿತ್ತು. ತಲೆಬುರುಡೆಯ ಒಳಗೆ ಇಣುಕುವಂತಿರಲಿಲ್ಲ. ಈಗ ಇಣುಕಬಹುದು. ತೆರೆಯ ಮೇಲಿನ ಮಾತುಕತೆಯಲ್ಲಿ ಕೆಂಪು, ಹಳದಿ ಬಣ್ಣದ ಮಿದುಳಿನ ಚಿತ್ರ ಕ್ಷಣಮಾತ್ರ ಬಂದು ಹೋಗುತ್ತದೆ. ಆ ಚಿತ್ರವನ್ನು ಹೇಗೆ ತೆಗೆಯುತ್ತಾರೆ, ಅದು ಏನನ್ನು ಹೇಳುತ್ತದೆ, ಏನನ್ನು ಹೇಳಲಾರದು ಎಂದು ಕುತೂಹಲಪಡುವ ವಿದ್ಯಾರ್ಥಿಗಳಿಗಾಗಿ ಈ ಬರಹ.

ಮೊದಲು ಒಂದು ಮಾತು. ಚಟ ಬೇರೆ, ತುಡಿತ ಬೇರೆ. ಕೆಡುಕೆಂದು ಗೊತ್ತಿದ್ದೂ ಮತ್ತೆ ಮತ್ತೆ ಮಾಡುವುದು ಚಟ. ಮಾಡುವ ಮುನ್ನ ಒಳಗಿನಿಂದ ಎದ್ದು ಬರುವ, 'ಈಗಲೇ ಬೇಕು' ಎನಿಸುವ ಒತ್ತಡ ತುಡಿತ. ಉತ್ತರ ಕರ್ನಾಟಕದ ಕಡೆ ಇದನ್ನೇ ತಲಬು ಎನ್ನುತ್ತಾರೆ. ಬಿಟ್ಟವರು ಮತ್ತೆ ಬೀಳುವುದು ಹೆಚ್ಚಾಗಿ ಈ ತುಡಿತದ ಕೈಗೆ ಸಿಕ್ಕಿ. ಆದ್ದರಿಂದಲೇ ವಿಜ್ಞಾನಿಗಳು ಅದರ ಬೆನ್ನು ಹತ್ತಿದರು.

ಕಥೆ ಶುರುವಾಗುವುದು ಒಂದು ತಪ್ಪಿನಿಂದ. ಕೆನಡಾದ ಮಾಂಟ್ರಿಯಲ್ ನಗರದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಓಲ್ಡ್ಸ್ ಮತ್ತು ಪೀಟರ್ ಮಿಲ್ನರ್ ಎಂಬಿಬ್ಬರು ಇಲಿಗಳ ಮಿದುಳಿಗೆ ಸಣ್ಣ ತಂತಿ ಇಳಿಸಿ ಲಘು ವಿದ್ಯುತ್ ಹರಿಸುವ ಪ್ರಯೋಗ ನಡೆಸುತ್ತಿದ್ದರು. ಒಂದು ಇಲಿಯಲ್ಲಿ ತಂತಿ ಗುರಿ ತಪ್ಪಿ ಬೇರೆ ಜಾಗಕ್ಕೆ ಇಳಿಯಿತು. ಆ ಇಲಿ, ಪೆಟ್ಟಿಗೆಯ ಯಾವ ಮೂಲೆಯಲ್ಲಿ ತನಗೆ ವಿದ್ಯುತ್ ಸಿಕ್ಕಿತ್ತೋ ಆ ಮೂಲೆಗೇ ಮತ್ತೆ ಮತ್ತೆ ಬರತೊಡಗಿತು! ಮುಂದೆ ಅದರ ಎದುರಿಗೆ ಒಂದು ಸನ್ನೆಯನ್ನು ಇಟ್ಟು, ಒತ್ತಿದರೆ ವಿದ್ಯುತ್ ಹರಿಯುವಂತೆ ಮಾಡಿದಾಗ ಇಲಿಗಳು ಗಂಟೆಗೆ ನೂರಾರು ಬಾರಿ ಒತ್ತಿದವು. 1954ರಲ್ಲಿ ಈ ಸಂಗತಿ ಪ್ರಕಟವಾಯಿತು. ಮಿದುಳಿನ 'ಸುಖದ ಕೇಂದ್ರ' ಸಿಕ್ಕಿತು ಎಂದು ಎಲ್ಲರೂ ಸಂಭ್ರಮಪಟ್ಟರು. ಕೆಲವೇ ವರ್ಷಗಳಲ್ಲಿ ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್, ಡೋಪಮಿನ್ ಎಂಬ ರಾಸಾಯನಿಕ ಮಿದುಳಿನಲ್ಲಿ ಒಂದು ನರಕೋಶದಿಂದ ಇನ್ನೊಂದಕ್ಕೆ ಸುದ್ದಿ ಒಯ್ಯುತ್ತದೆ ಎಂದು ತೋರಿಸಿದರು. ಅದಕ್ಕಾಗಿ 2000ದಲ್ಲಿ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದರು. ಇಲಿಗಳ ಆ ಸನ್ನೆಯ ಹಿಂದೆ ಕೆಲಸ ಮಾಡುತ್ತಿದ್ದ ವ್ಯವಸ್ಥೆಯಲ್ಲಿ ಈ ಡೋಪಮಿನ್ನಿನದೇ ದೊಡ್ಡ ಪಾತ್ರ. 'ಸುಖದ ಕೇಂದ್ರ' ಎಂಬ ಹೆಸರು ಮಾತ್ರ ಅಷ್ಟು ಸರಿಯಲ್ಲ. ಯಾಕೆಂದು ಮುಂದೆ ನೋಡೋಣ.

ಮನುಷ್ಯರ ತಲೆಗೆ ಹೀಗೆ ತಂತಿ ಇಳಿಸಿ ನೋಡುವುದು ಸಾಧ್ಯವಿಲ್ಲವಷ್ಟೆ. ಕ್ಷ-ಕಿರಣದಲ್ಲಿ ಮೂಳೆ ಕಾಣುತ್ತದೆ, ಮಿದುಳಿನ ಕೆಲಸ ಕಾಣುವುದಿಲ್ಲ. ಇಲ್ಲಿ ನೆರವಿಗೆ ಬಂದದ್ದು ಪೆಟ್ ಎಂಬ ತಂತ್ರ, ಅಂದರೆ ಪಾಸಿಟ್ರಾನ್ ಉತ್ಸರ್ಜನ ಚಿತ್ರಣ. ಹೆಸರು ಕೇಳಿ ಹೆದರಬೇಡಿ. ಮಿದುಳಿಗೆ ಹೋಗುವ ಯಾವುದೋ ಒಂದು ವಸ್ತುವಿಗೆ, ಬೇಗ ಕ್ಷಯಿಸುವ ವಿಕಿರಣಶೀಲ ಪರಮಾಣುವನ್ನು ಅಂಟಿಸಿ, ಅತಿ ಕಡಿಮೆ ಪ್ರಮಾಣದಲ್ಲಿ ರಕ್ತನಾಳಕ್ಕೆ ಕೊಡುತ್ತಾರೆ. ಆ ಪರಮಾಣು ಕ್ಷಯಿಸುವಾಗ ಪಾಸಿಟ್ರಾನ್ ಎಂಬ ಕಣ ಹೊರಬೀಳುತ್ತದೆ. ಅದು ಕೂದಲೆಳೆಯಷ್ಟು ದೂರ ಹೋಗುವಷ್ಟರಲ್ಲೇ ಎದುರಾದ ಎಲೆಕ್ಟ್ರಾನಿನೊಡನೆ ಕೂಡಿ, ಎರಡೂ ಇಲ್ಲವಾಗಿ, ಎರಡು ಗಾಮಾ ಕಿರಣಗಳು ಒಂದಕ್ಕೊಂದು ವಿರುದ್ಧ ದಿಕ್ಕಿಗೆ ಚಿಮ್ಮುತ್ತವೆ. ತಲೆಯ ಸುತ್ತ ಬಳೆಯಂತೆ ಜೋಡಿಸಿದ ಶೋಧಕಗಳಲ್ಲಿ ಎದುರುಬದುರಿನ ಎರಡಕ್ಕೆ ಏಕಕಾಲಕ್ಕೆ ಕಿರಣ ತಾಗಿದರೆ, ಅವುಗಳ ನಡುವೆ ಎಳೆದ ಗೆರೆಯ ಮೇಲೆ ಎಲ್ಲೋ ಆ ಪರಮಾಣು ಇತ್ತು ಎಂದಾಯಿತು. ಇಂಥ ಲಕ್ಷಾಂತರ ಗೆರೆಗಳನ್ನು ಗಣಕಯಂತ್ರ ಕೂಡಿಸಿ ಚಿತ್ರ ಕಟ್ಟುತ್ತದೆ.

ಸಕ್ಕರೆಯಂಥ ವಸ್ತುವಿಗೆ ವಿಕಿರಣಶೀಲ ಫ್ಲೋರಿನ್ ಸೇರಿಸಿ, 1976ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಮೊದಲ ಬಾರಿಗೆ ಮನುಷ್ಯರಿಗೆ ಕೊಟ್ಟು ನೋಡಿದರು. ಮಿದುಳಿನ ಯಾವ ಭಾಗ ಹೆಚ್ಚು ದುಡಿಯುತ್ತದೋ ಅದು ಹೆಚ್ಚು ಸಕ್ಕರೆ ತಿನ್ನುತ್ತದೆ, ಅಲ್ಲಿ ಹೆಚ್ಚು ಹೊಳೆಯುತ್ತದೆ. (ಇದೇ ಸಕ್ಕರೆಯನ್ನೇ ಇಂದು ನಮ್ಮ ಆಸ್ಪತ್ರೆಗಳಲ್ಲಿ ಕ್ಯಾನ್ಸರ್ ಗಡ್ಡೆ ಹುಡುಕಲು ಬಳಸುವುದು.) ಈ ಪರಮಾಣುಗಳಿಗೆ ಆಯುಸ್ಸು ಕಡಿಮೆ. ಫ್ಲೋರಿನ್-18ರ ಅರ್ಧಾಯು ಸುಮಾರು 110 ನಿಮಿಷ. ಕಾರ್ಬನ್-11ರದು ಬರೀ 20 ನಿಮಿಷ. ಅಂದರೆ ಅದನ್ನು ತಯಾರಿಸುವ ಸೈಕ್ಲೋಟ್ರಾನ್ ಯಂತ್ರ ಪಕ್ಕದಲ್ಲೇ ಇರಬೇಕು, ರಸಾಯನಶಾಸ್ತ್ರಜ್ಞರು ಗಡಿಯಾರ ನೋಡುತ್ತಲೇ ಔಷಧ ಕೂಡಿಸಬೇಕು.

ಡೋಪಮಿನ್ನನ್ನು ನೋಡುವ ಉಪಾಯ ಇನ್ನೂ ಸ್ವಾರಸ್ಯವಾದದ್ದು. ನರಕೋಶದ ಮೇಲೆ ಡೋಪಮಿನ್ ಬಂದು ಕೂರುವ ಗ್ರಾಹಕಗಳೆಂಬ ಜಾಗಗಳಿವೆ. ರಾಕ್ಲೊಪ್ರೈಡ್ ಎಂಬ ಔಷಧವೂ ಅದೇ ಜಾಗದಲ್ಲಿ ಕೂರುತ್ತದೆ. ಜಾತ್ರೆಯ ಬಸ್ಸನ್ನು ನೆನೆದುಕೊಳ್ಳಿ. ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದವರು ಮೊದಲೇ ಇದ್ದರೆ ಬಾಗಿಲಿನಿಂದ ಹತ್ತಿದವರಿಗೆ ಸೀಟು ಸಿಗುವುದಿಲ್ಲ. ಹಾಗೆಯೇ ಡೋಪಮಿನ್ ಹೆಚ್ಚು ಸುರಿದು ಸೀಟುಗಳನ್ನು ಹಿಡಿದಿದ್ದರೆ, ಕಾರ್ಬನ್-11 ಅಂಟಿಸಿದ ರಾಕ್ಲೊಪ್ರೈಡ್‌ಗೆ ಜಾಗ ಕಡಿಮೆಯಾಗಿ ಚಿತ್ರ ಮಂಕಾಗುತ್ತದೆ. ಚಿತ್ರ ಮಂಕಾದಷ್ಟೂ ಅಲ್ಲಿ ಡೋಪಮಿನ್ ಹೆಚ್ಚು! ಇನ್ನು, ಸೀಟುಗಳೇ ಕಡಿಮೆ ಇರುವ ಬಸ್ಸಿನಲ್ಲೂ ಕೂತವರು ಕಡಿಮೆಯೇ ಕಾಣುತ್ತಾರೆ. ಇವೆರಡನ್ನು ಬೇರ್ಪಡಿಸಲು ಒಬ್ಬರದೇ ಚಿತ್ರವನ್ನು ಎರಡು ಸನ್ನಿವೇಶಗಳಲ್ಲಿ ತೆಗೆದು ಹೋಲಿಸಬೇಕಾಗುತ್ತದೆ.

ಈ ತಂತ್ರವನ್ನು ಚಟದ ಅಧ್ಯಯನಕ್ಕೆ ಹಿಡಿದು ತಂದವರಲ್ಲಿ ಮುಖ್ಯರು ನೋರಾ ವೋಲ್ಕೋವ್. ಮೆಕ್ಸಿಕೋದಲ್ಲಿ ಹುಟ್ಟಿ ಅಲ್ಲಿಯೇ ವೈದ್ಯಕೀಯ ಓದಿದವರು. ಪ್ರಾಸಂಗಿಕವಾಗಿ ಹೇಳುವುದಾದರೆ, ರಷ್ಯಾದ ಕ್ರಾಂತಿಕಾರಿ ಟ್ರಾಟ್‌ಸ್ಕಿಯ ಮರಿಮೊಮ್ಮಗಳು. 1940ರಲ್ಲಿ ಟ್ರಾಟ್‌ಸ್ಕಿಯ ಕೊಲೆಯಾದ ಮನೆಯಲ್ಲೇ ಬೆಳೆದವರು. 1980ರ ದಶಕದಲ್ಲಿ ಅಮೆರಿಕದಲ್ಲಿ ಕೊಕೇನ್ ಹಾವಳಿ ಜೋರಾಗಿದ್ದಾಗ ಅವರು ಟೆಕ್ಸಾಸಿನ ಹ್ಯೂಸ್ಟನ್‌ನಲ್ಲಿ ಕೊಕೇನ್ ಸೇವಿಸುವವರ ಮಿದುಳಿನ ರಕ್ತಸಂಚಾರವನ್ನು ಪೆಟ್ ಮೂಲಕ ನೋಡಿದರು. ಅಲ್ಲಲ್ಲಿ ರಕ್ತಸಂಚಾರ ಕುಂದಿತ್ತು. ಆಮೇಲೆ ನ್ಯೂಯಾರ್ಕಿನ ಬಳಿಯ ಬ್ರೂಕ್‌ಹೇವನ್ ರಾಷ್ಟ್ರೀಯ ಪ್ರಯೋಗಾಲಯಕ್ಕೆ ಬಂದು, 1990ರ ದಶಕದಲ್ಲಿ ಒಂದರ ಮೇಲೊಂದು ಅಧ್ಯಯನ ನಡೆಸಿದರು. 2003ರಲ್ಲಿ ಅಮೆರಿಕದ ರಾಷ್ಟ್ರೀಯ ಮಾದಕವಸ್ತು ದುರ್ಬಳಕೆ ಸಂಸ್ಥೆಯ ನಿರ್ದೇಶಕಿಯಾದರು.

ಬ್ರೂಕ್‌ಹೇವನ್‌ನಲ್ಲಿ ಕಂಡದ್ದೇನು? ಕೊಕೇನ್ ಚಟದವರಲ್ಲಿ ಡೋಪಮಿನ್ ಕೂರುವ ಒಂದು ಬಗೆಯ ಸೀಟುಗಳು ಕಡಿಮೆಯಾಗಿದ್ದವು. ಕೊಕೇನ್ ಬಿಟ್ಟು ಮೂರು ನಾಲ್ಕು ತಿಂಗಳಾದರೂ ಅವು ಮರಳಿ ಬಂದಿರಲಿಲ್ಲ. ಈ ಸೀಟುಗಳು ಕಡಿಮೆ ಇದ್ದವರಲ್ಲಿ, ಹಣೆಯ ಹಿಂದಿರುವ ಮಿದುಳಿನ ಮುಂಭಾಗವೂ ಮಂದವಾಗಿ ಕೆಲಸ ಮಾಡುತ್ತಿತ್ತು. ಒಳ್ಳೆಯದು ಕೆಟ್ಟದ್ದು ತೂಗಿ ನೋಡುವುದು, 'ಬೇಡ' ಎಂದು ತಡೆಹಿಡಿಯುವುದು ಈ ಭಾಗದ ಕೆಲಸ. ಗಾಡಿಯ ಎತ್ತು ಬೆದರಿದಾಗಲೇ ಹಗ್ಗ ಹಿಡಿದವನ ಕೈಯೂ ಸಡಿಲಾದಂತೆ.

1997ರಲ್ಲಿ ಇನ್ನೊಂದು ವಿಚಿತ್ರ ಕಂಡಿತು. ಡೋಪಮಿನ್ ಹೆಚ್ಚಿಸುವ ಒಂದು ಔಷಧವನ್ನು ಕೊಟ್ಟಾಗ, ಕೊಕೇನ್ ಬಿಟ್ಟಿದ್ದವರಲ್ಲಿ ಸುಖದ ವ್ಯವಸ್ಥೆಯೆಂದು ಕರೆಯುವ ಜಾಗದಲ್ಲಿ ಹರಿದ ಡೋಪಮಿನ್ ಇತರರಿಗಿಂತ ಕಡಿಮೆ. 'ಮಜಾ ಬಂತೇ?' ಎಂದು ಕೇಳಿದರೆ ಅದೂ ಕಡಿಮೆಯೇ. ಚಟದವನು ಇತರರಿಗಿಂತ ಹೆಚ್ಚು ಸುಖಪಡುತ್ತಾನೆ, ಆ ಸುಖಕ್ಕಾಗಿಯೇ ಬೀಳುತ್ತಾನೆ ಎಂಬ ಸಾಮಾನ್ಯ ನಂಬಿಕೆ ಇಲ್ಲಿ ತಲೆಕೆಳಗಾಯಿತು. ಸುಖ ಕುಗ್ಗಿದೆ, ಬೇಕೆಂಬುದು ಮಾತ್ರ ಹಿಗ್ಗಿದೆ. ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ಟೆರ್ರಿ ರಾಬಿನ್‌ಸನ್ ಮತ್ತು ಕೆಂಟ್ ಬೆರಿಜ್ ಪ್ರಾಣಿಗಳ ಅಧ್ಯಯನದಿಂದ 1993ರಲ್ಲೇ ಇದನ್ನು ಹೇಳಿದ್ದರು: 'ಇಷ್ಟ'ವಾಗುವುದು ಬೇರೆ, 'ಬೇಕು' ಎನಿಸುವುದು ಬೇರೆ; ಮಿದುಳಿನಲ್ಲಿ ಅವುಗಳ ದಾರಿಗಳೂ ಬೇರೆ; ಡೋಪಮಿನ್ ಹೆಚ್ಚಾಗಿ 'ಬೇಕು' ಎಂಬುದರ ಕಡೆಯದು. ಹೊಗೆಸೊಪ್ಪು ಹಾಕುವವರನ್ನು ಕೇಳಿ ನೋಡಿ, ಇತ್ತೀಚೆಗೆ ಅದರಲ್ಲಿ ಏನು ಸುಖವಿದೆ ಎಂದು. ಬಹಳ ಮಂದಿ ಉತ್ತರಿಸಲಾರರು.

ಈಗ ಮದುವೆಯ ತಟ್ಟೆಗೆ ಬರೋಣ. ಸ್ವಿಟ್ಜರ್ಲೆಂಡಿನಲ್ಲಿ ವೂಲ್ಫ್ರಮ್ ಶುಲ್ಟ್ಸ್ ಎಂಬವರು ಮಂಗಗಳ ಮಿದುಳಿನ ಡೋಪಮಿನ್ ನರಕೋಶಗಳ ಮಿಡಿತವನ್ನು ಅಳೆದಿದ್ದರು. ಹಣ್ಣಿನ ರಸದ ಹನಿ ಬಾಯಿಗೆ ಬಿದ್ದಾಗ ಆ ಕೋಶಗಳು ಮಿಡಿಯುತ್ತಿದ್ದವು. ರಸಕ್ಕೆ ಮುಂಚೆ ಪ್ರತಿ ಸಲವೂ ದೀಪ ಹತ್ತಿಸಿದಾಗ, ಕೆಲವು ದಿನಗಳಲ್ಲಿ ಮಿಡಿತ ರಸದಿಂದ ದೀಪಕ್ಕೆ ಜರುಗಿತು. ರಸ ಬಂದಾಗ ಕೋಶಗಳು ಸುಮ್ಮನಿದ್ದವು; ದೀಪ ಕಂಡೊಡನೆ ಮಿಡಿದವು. ಮುನ್ಸೂಚನೆಯೇ ಮುಖ್ಯವಾಯಿತು. ಬೀಡಿ ಸೇದುವವನಿಗೆ ಬೆಂಕಿಪೊಟ್ಟಣದ ಸದ್ದು, ಕುಡಿಯುವವನಿಗೆ ಅಂಗಡಿಯ ತಿರುವು, ನನ್ನ ಮಾವನಿಗೆ ಊಟದ ನಂತರದ ತಟ್ಟೆ, ಇವೆಲ್ಲ ಅಂಥ ದೀಪಗಳು.

ಮನುಷ್ಯರಲ್ಲಿ ಇದನ್ನು ನೋಡಿದ ಬಗೆ ಸರಳ. ಫಿಲಡೆಲ್ಫಿಯಾದ ಆನಾ ರೋಸ್ ಚೈಲ್ಡ್ರೆಸ್ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೊಕೇನ್ ಬಿಡಿಸಿದ 14 ಗಂಡಸರಿಗೆ ಪೆಟ್ ಯಂತ್ರದಲ್ಲಿ ಮಲಗಿಸಿ ವಿಡಿಯೋ ತೋರಿಸಿದರು. ಪ್ರಕೃತಿಯ ಚಿತ್ರ ತೋರಿಸಿದಾಗ ಏನೂ ಇಲ್ಲ. ಕೊಕೇನ್ ಕೊಳ್ಳುವ, ಸೇದುವ ದೃಶ್ಯ ಬಂದಾಗ ಭಾವನೆಗಳಿಗೆ ಸಂಬಂಧಿಸಿದ ಅಮಿಗ್ಡಲ ಮುಂತಾದ ಭಾಗಗಳಿಗೆ ರಕ್ತ ಹೆಚ್ಚು ಹರಿಯಿತು, ತುಡಿತ ಎದ್ದಿತು. ಕೊಕೇನನ್ನೇ ಕಾಣದ ಬೇರೆಯವರಲ್ಲಿ ಹೀಗಾಗಲಿಲ್ಲ. 2006ರಲ್ಲಿ ವೋಲ್ಕೋವ್ ಅವರ ತಂಡ 18 ಜನರಿಗೆ ಇಂಥದೇ ವಿಡಿಯೋ ತೋರಿಸಿ, ರಾಕ್ಲೊಪ್ರೈಡ್ ವಿಧಾನದಿಂದ ಡೋಪಮಿನ್ನನ್ನೇ ಅಳೆದರು. ಸ್ಟ್ರೈಯೇಟಮ್ ಎಂಬ ಒಳಭಾಗದ ಮೇಲ್ಬದಿಯಲ್ಲಿ ಡೋಪಮಿನ್ ಏರಿತ್ತು. ಏರಿಕೆ ಹೆಚ್ಚಿದ್ದವರಲ್ಲಿ ತುಡಿತವೂ ಹೆಚ್ಚಿತ್ತು. ಯಾವ ಭಾಗ ಎಂಬುದನ್ನು ಗಮನಿಸಿ. ಈ ಮೇಲ್ಬದಿ ಅಭ್ಯಾಸಬಲದ ಕೆಲಸಗಳಿಗೆ ಸಂಬಂಧಿಸಿದ್ದು. ಸೈಕಲ್ ತುಳಿಯುವಾಗ ಕಾಲು ತಾನೇ ಹೋಗುತ್ತದಲ್ಲ, ಅಂಥವು. ಕೈ ತಾನೇ ತಟ್ಟೆಗೆ ಹೋಯಿತು ಎಂಬ ಮಾತನ್ನು ಈ ಫಲಿತಾಂಶ ಓದಿದ ಮೇಲೆ ನಾನು ನೆಪ ಎಂದು ತಳ್ಳಿಹಾಕಲಾರೆ.

ಚೈಲ್ಡ್ರೆಸ್ 2008ರಲ್ಲಿ ಇನ್ನೂ ಮುಂದೆ ಹೋದರು. ಈ ಸಲ ಬಳಸಿದ್ದು ಎಂ.ಆರ್.ಐ. ಯಂತ್ರದ ಒಂದು ಹೊಸ ಬಗೆ. ರಕ್ತದಲ್ಲಿ ಆಮ್ಲಜನಕ ಹೆಚ್ಚಿದ್ದಾಗ ಮತ್ತು ಕಡಿಮೆಯಿದ್ದಾಗ ಅದರ ಕಾಂತೀಯ ಗುಣ ಬೇರೆಯಾಗುತ್ತದೆ ಎಂಬುದನ್ನು ಆಧರಿಸಿ, ಜಪಾನಿನ ಸೆಯ್ಜಿ ಒಗಾವಾ 1990ರಲ್ಲಿ ಅಮೆರಿಕದಲ್ಲಿದ್ದಾಗ ಇದಕ್ಕೆ ಬುನಾದಿ ಹಾಕಿದ್ದರು. ಇದಕ್ಕೆ ವಿಕಿರಣಶೀಲ ವಸ್ತು ಬೇಡ. ಕೊಕೇನ್ ಚಟದ 22 ಜನರಿಗೆ ಅದಕ್ಕೆ ಸಂಬಂಧಿಸಿದ ಚಿತ್ರಗಳನ್ನು ಸೆಕೆಂಡಿನ ಮೂವತ್ತನೆಯ ಒಂದು ಭಾಗ ಮಾತ್ರ ಮಿನುಗಿಸಿ, ತಕ್ಷಣ ಬೇರೆ ಚಿತ್ರದಿಂದ ಮುಚ್ಚಿದರು. ಏನು ನೋಡಿದೆವೆಂದು ನೋಡಿದವರಿಗೇ ತಿಳಿಯುವಂತಿರಲಿಲ್ಲ. ಆದರೂ ಮಿದುಳಿನ ಒಳಭಾಗಗಳು ಎಚ್ಚೆತ್ತಿದ್ದವು. ಬುದ್ಧಿಗೆ ತಿಳಿಯುವ ಮುನ್ನವೇ ತುಡಿತದ ಯಂತ್ರ ಶುರುವಾಗಿರುತ್ತದೆ!

ಕೊಕೇನ್ ನಮ್ಮಿಂದ ದೂರದ ಮಾತು ಎನ್ನುವವರಿಗೆ ಸಿಗರೇಟಿನ ಒಂದು ಲೆಕ್ಕ. ಲಾಸ್ ಏಂಜಲೀಸ್‌ನಲ್ಲಿ ಆರ್ಥರ್ ಬ್ರೋಡಿ ಮತ್ತು ಸಂಗಡಿಗರು 2006ರಲ್ಲಿ ಪೆಟ್ ಮೂಲಕ ತೋರಿಸಿದಂತೆ, ಒಂದೆರಡು ದಮ್ಮು ಎಳೆದರೆ ಸಾಕು, ಮಿದುಳಿನಲ್ಲಿ ನಿಕೋಟಿನ್ ಕೂರುವ ಮುಖ್ಯ ಗ್ರಾಹಕಗಳಲ್ಲಿ ಅರ್ಧದಷ್ಟು ಸುಮಾರು ಮೂರು ಗಂಟೆ ತುಂಬಿರುತ್ತವೆ. ಇಡೀ ಸಿಗರೇಟು ಸೇದಿದರೆ ಶೇಕಡಾ 88ಕ್ಕಿಂತ ಹೆಚ್ಚು. 'ಗೆಳೆಯನ ಕೈಯಿಂದ ಒಂದೇ ದಮ್ಮು' ಎನ್ನುವ ಕಾಲೇಜು ಹುಡುಗರು ಈ ಅಂಕಿಗಳನ್ನು ಎರಡು ಸಲ ಓದಬೇಕು.

ಸಿಗರೇಟಿನ ಬಗ್ಗೆಯೇ ಇನ್ನೊಂದು ಅಧ್ಯಯನವಿದೆ. ನನಗೆ ಎಲ್ಲಕ್ಕಿಂತ ಆಶ್ಚರ್ಯ ತಂದದ್ದು ಅದು. ಅಯೋವಾ ವಿಶ್ವವಿದ್ಯಾಲಯದಲ್ಲಿ ನಾಸಿರ್ ನಕ್ವಿ, ಆಂಟ್ವಾನ್ ಬೆಚಾರ ಮತ್ತಿತರರು, ಪಾರ್ಶ್ವವಾಯು ಮುಂತಾದವುಗಳಿಂದ ಮಿದುಳಿಗೆ ಪೆಟ್ಟಾದ 69 ಧೂಮಪಾನಿಗಳನ್ನು ಪರಿಶೀಲಿಸಿ 2007ರಲ್ಲಿ ಪ್ರಕಟಿಸಿದರು. ಅವರಲ್ಲಿ 19 ಮಂದಿಗೆ ಪೆಟ್ಟಾದದ್ದು ಇನ್ಸುಲಾ ಎಂಬ, ಕಿವಿಯ ಮೇಲ್ಬದಿಯಲ್ಲಿ ಮಿದುಳಿನ ಮಡಿಕೆಯೊಳಗೆ ಅಡಗಿರುವ ಭಾಗಕ್ಕೆ. ಆ 19ರಲ್ಲಿ 12 ಮಂದಿ ಕಷ್ಟವಿಲ್ಲದೆ, ತಕ್ಷಣ, ಮತ್ತೆ ಮುಟ್ಟದಂತೆ ಸಿಗರೇಟು ಬಿಟ್ಟಿದ್ದರು, ತುಡಿತವೇ ಬರುತ್ತಿರಲಿಲ್ಲ. ಉಳಿದ 50 ಮಂದಿಯಲ್ಲಿ ಹಾಗೆ ಬಿಟ್ಟವರು ನಾಲ್ವರು ಮಾತ್ರ. ದೇಹವೇ ಸೇದುವ ಬಯಕೆಯನ್ನು ಮರೆತಂತಾಯಿತು ಎಂದು ಅವರಲ್ಲೊಬ್ಬರು ಹೇಳಿದ್ದರು. ಹಸಿವು, ಎದೆಬಡಿತ, ಹೊಟ್ಟೆಯ ಸಂಕಟ ಇಂಥ ದೇಹದ ಒಳಗಿನ ಸುದ್ದಿಗಳು ಅರಿವಿಗೆ ಬರುವುದು ಈ ಇನ್ಸುಲಾದ ಮೂಲಕ. ಹೊಳೆಯುವ ಚಿತ್ರವೊಂದು 'ತುಡಿತದ ಹೊತ್ತಿನಲ್ಲಿ ಈ ಭಾಗವೂ ಎಚ್ಚರವಾಗಿತ್ತು' ಎಂದಷ್ಟೇ ಹೇಳಬಲ್ಲದು. ಭಾಗ ಕೆಟ್ಟಾಗ ತುಡಿತ ಹೋಯಿತು ಎಂದರೆ ಅದು ಬಲವಾದ ಸಾಕ್ಷ್ಯ.

ಚಿತ್ರಗಳ ವಿಷಯದಲ್ಲಿ ಈ ಎಚ್ಚರ ಬಹಳ ಬೇಕು. ಬಣ್ಣಗಳು ಮಿದುಳಿನಲ್ಲಿಲ್ಲ, ಲೆಕ್ಕದ ಫಲಿತಾಂಶಕ್ಕೆ ಗಣಕಯಂತ್ರ ಬಳಿದ ಬಣ್ಣಗಳವು. ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಒಂದು ಸತ್ತ ಮೀನು ಸಾಕ್ಷಿ. ಕ್ರೇಗ್ ಬೆನೆಟ್ ಮತ್ತು ಜೊತೆಗಾರರು ಅಂಗಡಿಯಿಂದ ತಂದ ಸತ್ತ ಸಾಲ್ಮನ್ ಮೀನನ್ನು ಎಂ.ಆರ್.ಐ. ಯಂತ್ರದಲ್ಲಿಟ್ಟು, ಅದಕ್ಕೆ ಮನುಷ್ಯರ ಫೋಟೋ ತೋರಿಸಿ, 'ಇವರ ಮನಸ್ಸಿನಲ್ಲಿ ಏನಿದೆ?' ಎಂದು ಕೇಳಿದರು. ಸಾವಿರಾರು ಚುಕ್ಕೆಗಳನ್ನು ಒಟ್ಟಿಗೆ ಪರೀಕ್ಷಿಸುವಾಗ ಆಕಸ್ಮಿಕವಾಗಿ ಬರುವ ತಪ್ಪುಗಳನ್ನು ಕಳೆಯದೆ ಬಿಟ್ಟರೆ, ಸತ್ತ ಮೀನಿನ ಮಿದುಳೂ 'ಯೋಚಿಸುತ್ತಿತ್ತು'! 2009ರಲ್ಲಿ ಅವರು ಇದನ್ನು ಪ್ರದರ್ಶಿಸಿದ್ದು ತಮಾಷೆಗಾಗಿ ಅಲ್ಲ, ತಮ್ಮ ಕ್ಷೇತ್ರದವರನ್ನೇ ಎಚ್ಚರಿಸಲು.

ಇನ್ನೊಂದು ತೊಡಕು: ಕಾರಣ ಯಾವುದು, ಪರಿಣಾಮ ಯಾವುದು? ಚಟದಿಂದ ಸೀಟುಗಳು ಕಡಿಮೆಯಾದವೋ, ಸೀಟುಗಳು ಕಡಿಮೆ ಇದ್ದವರು ಚಟಕ್ಕೆ ಬಿದ್ದರೋ? ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಮಂಗಗಳ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನ ಇಲ್ಲಿ ಬೆಳಕು ಚೆಲ್ಲುತ್ತದೆ. ಒಂಟಿಯಾಗಿದ್ದಾಗ ಎಲ್ಲ ಮಂಗಗಳ ಗ್ರಾಹಕಗಳೂ ಸುಮಾರು ಒಂದೇ ಸಮ. ಗುಂಪಿನಲ್ಲಿ ಬಿಟ್ಟ ಮೇಲೆ ಯಜಮಾನಿಕೆ ಸಿಕ್ಕ ಮಂಗಗಳಲ್ಲಿ ಅವು ಹೆಚ್ಚಾದವು. ಅವು ಕೊಕೇನಿಗೆ ಅಷ್ಟಾಗಿ ಒಲಿಯಲಿಲ್ಲ. ಕೆಳಗಿನ ಸ್ಥಾನದ ಮಂಗಗಳೇ ಹೆಚ್ಚು ತೆಗೆದುಕೊಂಡವು. ಬದುಕಿನ ಪರಿಸ್ಥಿತಿಯೇ ಮಿದುಳನ್ನು ಬದಲಿಸಿತ್ತು. ಇತ್ತ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ವಿವೇಕ್ ಬೆನೆಗಲ್ ಮತ್ತು ಸಂಗಡಿಗರು, ಕುಡಿತದ ಚಟ ಬಲವಾಗಿರುವ ಮನೆತನದ, ಆದರೆ ತಾವಿನ್ನೂ ಕುಡಿಯದ ಎಳೆಯರ ಮಿದುಳನ್ನು ಎಂ.ಆರ್.ಐ.ನಲ್ಲಿ ನೋಡಿ 2007ರಲ್ಲಿ ವರದಿ ಮಾಡಿದರು. ಇತರ ಎಳೆಯರಿಗೆ ಹೋಲಿಸಿದರೆ ಅಮಿಗ್ಡಲ ಮುಂತಾದ ಕೆಲವು ಭಾಗಗಳ ಗಾತ್ರ ಅವರಲ್ಲಿ ಕಡಿಮೆಯಿತ್ತು. ಅಂದರೆ ಕೆಲವು ವ್ಯತ್ಯಾಸಗಳು ಮೊದಲ ಗುಟುಕಿಗೂ ಮುಂಚಿನವು. ಹಾಗೆಂದು ಅದು ಹಣೆಬರಹವಲ್ಲ. ಅಂಥ ಮನೆಗಳ ಎಷ್ಟೋ ಮಕ್ಕಳು ಕುಡಿತದ ಹತ್ತಿರ ಸುಳಿಯುವುದಿಲ್ಲ.

ಬಿಟ್ಟ ಮೇಲೆ ಮಿದುಳು ಮೊದಲಿನಂತಾಗುತ್ತದೆಯೇ? ಮೆಥಾಂಫೆಟಮಿನ್ ಎಂಬ ಮಾದಕವಸ್ತು ಬಿಟ್ಟ ಐವರನ್ನು ವೋಲ್ಕೋವ್ ತಂಡ ಎರಡು ಸಲ ಪರೀಕ್ಷಿಸಿ 2001ರಲ್ಲಿ ವರದಿ ಮಾಡಿತು. ಬಿಟ್ಟು 12ರಿಂದ 17 ತಿಂಗಳಾದಾಗ, ಡೋಪಮಿನ್ನನ್ನು ಮರಳಿ ಒಳಗೆಳೆದುಕೊಳ್ಳುವ ವಾಹಕಗಳು ಬಹುಮಟ್ಟಿಗೆ ಚೇತರಿಸಿದ್ದವು. ಆದರೆ ನೆನಪು, ಚಲನೆಗಳ ಪರೀಕ್ಷೆಯಲ್ಲಿ ಅಷ್ಟು ಸುಧಾರಣೆ ಕಾಣಲಿಲ್ಲ. ಐದೇ ಜನರ ಲೆಕ್ಕ, ನಿಜ. ಆದರೂ ಬಿಟ್ಟು ಕೆಲವೇ ತಿಂಗಳಾದವರನ್ನು 'ಇನ್ನೂ ಸರಿಹೋಗಲಿಲ್ಲವೇ?' ಎಂದು ಚುಚ್ಚುವವರು ಈ ತಿಂಗಳುಗಳ ಎಣಿಕೆಯನ್ನು ನೆನಪಿಡುವುದು ಒಳ್ಳೆಯದು.

ತುಡಿತದ ಜಾಗ ತಿಳಿದ ಮೇಲೆ ಅಲ್ಲಿಗೇ ಚಿಕಿತ್ಸೆ ಕೊಡುವ ಯತ್ನವೂ ನಡೆದಿದೆ. ತಲೆಯ ಹೊರಗಿನಿಂದ ಕಾಂತೀಯ ಮಿಡಿತಗಳನ್ನು ಹಾಯಿಸಿ, ಹಣೆಯ ಹಿಂದಿನ ಭಾಗವನ್ನು ಚುರುಕುಗೊಳಿಸುವುದು ಒಂದು ವಿಧಾನ. ರಾಂಚಿಯ ಕೇಂದ್ರೀಯ ಮನೋಚಿಕಿತ್ಸಾ ಸಂಸ್ಥೆಯ ವೈದ್ಯರು ಕುಡಿತದ ಚಟದ 45 ರೋಗಿಗಳ ಮೇಲೆ ಇದನ್ನು ಪರೀಕ್ಷಿಸಿ, ತುಡಿತ ತಗ್ಗಿತೆಂದು 2010ರಲ್ಲಿ ಪ್ರಕಟಿಸಿದರು. ಸಿಗರೇಟು ಬಿಡಿಸಲು ಇಂಥ ಒಂದು ಯಂತ್ರಕ್ಕೆ ಅಮೆರಿಕದಲ್ಲಿ 2020ರಲ್ಲಿ ಅನುಮತಿ ಸಿಕ್ಕಿತು. ಆದರೆ ಬಹುಪಾಲು ಜನರಿಗೆ ನೆರವಾಗುವುದು ಈಗಲೂ ಆಪ್ತಸಲಹೆ, ಔಷಧ ಮತ್ತು ಮನೆಯವರ ತಾಳ್ಮೆ.

ಇದನ್ನೆಲ್ಲ ಮಾವನಿಗೆ ಹೇಳಿದೆ. ಗಮನವಿಟ್ಟು ಕೇಳಿದರು. "ಹಾಗಾದರೆ ನನ್ನ ತಲೆಯನ್ನೂ ಒಮ್ಮೆ ಆ ಯಂತ್ರದಲ್ಲಿ ತೆಗೆಸೋಣವೋ?" ಎಂದರು. ತೆಗೆಸಿದರೂ ಉಪಯೋಗವಿಲ್ಲ ಎಂದೆ. ಈ ವ್ಯತ್ಯಾಸಗಳೆಲ್ಲ ಹತ್ತಿಪ್ಪತ್ತು ಜನರ ಸರಾಸರಿಯಲ್ಲಿ ಕಾಣುವಂಥವು. ಒಬ್ಬರ ಚಿತ್ರ ನೋಡಿ 'ಇವರಿಗೆ ಚಟವಿದೆ, ಇವರು ಮತ್ತೆ ಬೀಳುತ್ತಾರೆ' ಎಂದು ಯಾವ ವೈದ್ಯರೂ ಹೇಳಲಾರರು. ಅವರಿಗೆ ತುಸು ನಿರಾಶೆಯಾಯಿತು. ಆದರೆ ದೀಪ ಮತ್ತು ಮಂಗದ ಸಂಗತಿ ಅವರ ಮನಸ್ಸಿಗೆ ಹಿಡಿಸಿತ್ತು. ಮೊನ್ನೆ ಒಂದು ಉಪನಯನದಲ್ಲಿ ಸಿಕ್ಕಿದರು. ಪಂಕ್ತಿಯಿಂದ ಎದ್ದು ಕೈ ತೊಳೆದವರೇ ಜಗುಲಿಯ ಕಡೆ ತಿರುಗದೆ, ಹಿತ್ತಲ ಬಾಗಿಲಿನಿಂದ ತೋಟಕ್ಕೆ ಇಳಿದರು. ಜೇಬಿನಲ್ಲಿ ನಾಲ್ಕು ಏಲಕ್ಕಿ ಇದ್ದವು. ನನಗೂ ಎರಡು ಕೊಟ್ಟರು.